ಗೊರಿಲ್ಲಾ ಮೈ, ಮುಳುಗುಗಾರನ ತಲೆ: ಓದುಗರ ಪ್ರಶ್ನೆ, ವೇಷಗಾರನ ಉತ್ತರ

ಹಿಂದಿನ ಸಂಚಿಕೆಯಲ್ಲಿ 1950ರ ದಶಕದ ಅಗ್ಗದ ಅಮೆರಿಕನ್ ದೈತ್ಯ ಚಿತ್ರಗಳ ಬಗ್ಗೆ ನಾಲ್ಕು ಮಾತು ಬರೆದದ್ದೇ ತಡ, ಪತ್ರಗಳು ಬರತೊಡಗಿದವು. ಮೈಸೂರಿನ ನಾಟಕದವರಿಗೆ ಮುಖವಾಡ, ರೆಕ್ಕೆ, ಬಾಲ, ಕೋರೆಹಲ್ಲು ಮಾಡಿಕೊಡುತ್ತಲೇ ವಯಸ್ಸಾದವನು ನಾನು, ಸಿನಿಮಾ ವಿಮರ್ಶಕನಲ್ಲ. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ವೇಷ ಕಟ್ಟುವವನ ಕಣ್ಣಿನವು.

ಪ್ರಶ್ನೆ: ಹಾಸ್ಟೆಲಿನಲ್ಲಿ ಗೆಳೆಯರೆಲ್ಲ ಕೂಡಿ 1953ರ ‘ರೋಬೋಟ್ ಮಾನ್‌ಸ್ಟರ್’ ನೋಡಿದೆವು. ಗೊರಿಲ್ಲಾ ಮೈಗೆ ಸಮುದ್ರಕ್ಕೆ ಇಳಿಯುವವರ ಶಿರಸ್ತ್ರಾಣ ಸಿಕ್ಕಿಸಿ, ಅದನ್ನೇ ಅನ್ಯಗ್ರಹದ ಜೀವಿ ಎನ್ನುತ್ತಾರೆ. ನಕ್ಕು ನಕ್ಕು ಸಾಕಾಯಿತು. ಇಂಥ ಚಿತ್ರಗಳ ಬಗ್ಗೆ ನಿಮಗೇಕೆ ಅಷ್ಟು ಗೌರವ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ನಗಬಾರದೆಂದು ನಾನು ಹೇಳುವುದಿಲ್ಲ. ನಕ್ಕು ಮುಗಿದ ಮೇಲೆ ಇನ್ನೊಂದು ಸಲ ನೋಡಿ, ಆಗ ಒಳಗಿರುವವನನ್ನು ನೋಡಿ. ಅವನ ಹೆಸರು ಜಾರ್ಜ್ ಬ್ಯಾರೋಸ್. ಆಗಿನ ಹಾಲಿವುಡ್‌ನಲ್ಲಿ ಸ್ವಂತಕ್ಕೆ ಗೊರಿಲ್ಲಾ ವೇಷ ಇಟ್ಟುಕೊಂಡು, ಅದರಿಂದಲೇ ಕೆಲಸ ಹಿಡಿಯುವ ನಟರಿದ್ದರು. ಬ್ಯಾರೋಸ್ ಅವರಲ್ಲೊಬ್ಬ. ನಿರ್ದೇಶಕ ಫಿಲ್ ಟಕರ್ ಕೈಯಲ್ಲಿ ಇದ್ದದ್ದು ಸುಮಾರು 16,000 ಡಾಲರ್, ಚಿತ್ರೀಕರಣಕ್ಕೆ ನಾಲ್ಕು ದಿನ. ರೋಬೋಟ್ ವೇಷ ಮಾಡಿಸಲು ದುಡ್ಡು ಸಾಲದು. ಬ್ಯಾರೋಸ್ ಬಂದರೆ ಅವನ ಜೊತೆ ವೇಷವೂ ಬರುತ್ತದೆ. ತಲೆಯೊಂದನ್ನು ಬದಲಿಸಿದರು.

ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯಲ್ಲಿ ಹಗಲು ಬೆಳಕಿನಲ್ಲಿ, ಮೈತುಂಬ ದಪ್ಪ ಕೂದಲು, ತಲೆಯ ಮೇಲೆ ಭಾರದ ಗೋಳ ಹೊತ್ತು ಅವನು ಗುಡ್ಡ ಹತ್ತಿ ಇಳಿಯುತ್ತಾನೆ. ಆ ಹೆಜ್ಜೆಗಳನ್ನು ನೋಡುವಾಗ ನನಗೆ ನಗು ಬರುವುದಿಲ್ಲ. ಅದಕ್ಕೆ ಸಂಗೀತ ಕೊಟ್ಟವರು ಎಲ್ಮರ್ ಬರ್ನ್‌ಸ್ಟೀನ್. ಮೂರು ವರ್ಷದ ಮೇಲೆ ‘ದ ಟೆನ್ ಕಮಾಂಡ್‌ಮೆಂಟ್ಸ್’ಗೆ ಸಂಗೀತ ಮಾಡಿದ್ದು ಅದೇ ಕೈ. ಕಣ್ಣು ಮುಚ್ಚಿ ಕೇಳಿ, ಅಗ್ಗದ ಕೆಲಸ ಎಂದು ಅವರು ಒಂದು ಸ್ವರವನ್ನೂ ಸಡಿಲ ಬಿಟ್ಟಿಲ್ಲ.

ಆದರೂ ಆ ದೈತ್ಯ ಸೋತದ್ದು ನಿಜ. ಸೋತದ್ದು ಎಲ್ಲಿ ಎಂದು ಕೇಳಿದರೆ, ಕುತ್ತಿಗೆಯಲ್ಲಿ ಎನ್ನುತ್ತೇನೆ. ಮೈ ಒಂದು ಪ್ರಾಣಿಯದು, ತಲೆ ಒಂದು ಯಂತ್ರದ್ದು, ಎರಡನ್ನೂ ಬೆಸೆಯುವ ಜಾಗದಲ್ಲಿ ಯಾರೂ ಕೆಲಸ ಮಾಡಿಲ್ಲ. ಅಲ್ಲಿ ಒಂದು ಕೊಳವೆ, ಒಂದು ಪಟ್ಟಿ, ಸೀಳಿದ ಚರ್ಮದ ಹಾಗೆ ಕಾಣುವ ಒಂದು ತುಂಡು ಬಟ್ಟೆ ಇದ್ದಿದ್ದರೂ ಕಣ್ಣು ಒಪ್ಪಿಕೊಳ್ಳುತ್ತಿತ್ತು. ಎರಡನೆಯ ತಪ್ಪು ಬೆಳಕಿನದು. ದುಡ್ಡಿಲ್ಲದ ದೈತ್ಯನನ್ನು ನಡು ಹಗಲಿನಲ್ಲಿ ತಲೆಯಿಂದ ಪಾದದವರೆಗೆ ನಿಲ್ಲಿಸಿ ತೋರಿಸಬಾರದು.

ಪ್ರಶ್ನೆ: ನಿಮ್ಮ ಲೆಕ್ಕದಲ್ಲಿ ಆ ಕಾಲದ ಅತ್ಯುತ್ತಮ ದೈತ್ಯ ವೇಷ ಯಾವುದು? ಒಂದೇ ಒಂದು ಹೇಳಬೇಕು.
— ನಿವೃತ್ತ ಚಿತ್ರಕಲಾ ಶಿಕ್ಷಕರು, ಸರಸ್ವತಿಪುರಂ, ಮೈಸೂರು

ಯೋಚನೆಯೇ ಬೇಡ ಮೇಷ್ಟ್ರೇ. 1954ರ ‘ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’. ಅಮೆಜಾನ್ ನದಿಯ ಹಿನ್ನೀರಿನಲ್ಲಿ ಉಳಿದುಕೊಂಡ ಅರ್ಧ ಮೀನು, ಅರ್ಧ ಮನುಷ್ಯನ ಕಥೆ. ನಿರ್ದೇಶನ ಜ್ಯಾಕ್ ಆರ್ನಾಲ್ಡ್ ಅವರದು. ತಯಾರಿಸಿದ ಯೂನಿವರ್ಸಲ್ ತೀರ ಬಡ ಸಂಸ್ಥೆಯಲ್ಲ. ಆದರೂ ದೊಡ್ಡ ತಾರೆಯರಿಲ್ಲದೆ, ಮಿತವಾದ ಖರ್ಚಿನಲ್ಲಿ ಮುಗಿಸಿದ ಚಿತ್ರ ಅದು.

ಆ ವೇಷ ಫೋಮ್ ರಬ್ಬರಿನದು. ನೀವು ಚಿತ್ರಕಲೆ ಕಲಿಸಿದವರು, ಅದರ ಮುಖವನ್ನೊಮ್ಮೆ ನಿಲ್ಲಿಸಿ ನೋಡಿ. ಕೆನ್ನೆಯ ಇಕ್ಕೆಲದಲ್ಲಿ ಕಿವಿರುಗಳು ಪದರ ಪದರವಾಗಿ ಇಳಿಯುತ್ತವೆ. ತುಟಿ ದಪ್ಪ, ಕೆಳಗೆ ಇಳಿಬಿದ್ದದ್ದು, ಕೋಪದ್ದಲ್ಲ, ಬೇಸರದ್ದು. ಎದೆಯ ಹುರುಪೆಗಳು ಎಲ್ಲಿ ದೊಡ್ಡವು, ಎಲ್ಲಿ ಸಣ್ಣವು ಎಂಬುದಕ್ಕೆ ಒಂದು ನ್ಯಾಯವಿದೆ: ಮೈ ಬಾಗುವ ಕಡೆ ಸಣ್ಣದು, ಬಾಗದ ಕಡೆ ದೊಡ್ಡದು. ನಿಜವಾದ ಮೀನನ್ನೋ ಓತಿಕ್ಯಾತವನ್ನೋ ಕೈಯಲ್ಲಿ ಹಿಡಿದು ನೋಡಿದವರಿಗೆ ಮಾತ್ರ ಇದು ಹೊಳೆಯುತ್ತದೆ. ನೆಲದ ಮೇಲಿನ ದೃಶ್ಯಗಳಲ್ಲಿ ಕಿವಿರು ಉಸಿರಾಡುವುದನ್ನೂ ಕಾಣಬಹುದು. ವೇಷದೊಳಗೆ ಹಾಯಿಸಿದ ಸಣ್ಣ ಕೊಳವೆಗೆ ಹೊರಗಿನಿಂದ ಒಬ್ಬರು ರಬ್ಬರ್ ಬುರುಡೆ ಅಮುಕಿ ಗಾಳಿ ಊದುತ್ತಿದ್ದರು.

ಈ ರೂಪವನ್ನು ಬರೆದವರು ಒಬ್ಬ ಹೆಣ್ಣುಮಗಳು, ಮಿಲಿಸೆಂಟ್ ಪ್ಯಾಟ್ರಿಕ್. ಡಿಸ್ನಿ ಸಂಸ್ಥೆಯಲ್ಲಿ ಕೆಲಸ ಮಾಡಿ ಬಂದ ಕಲಾವಿದೆ. ಚಿತ್ರದ ಪ್ರಚಾರಕ್ಕೆ ಸಂಸ್ಥೆ ಅವರನ್ನೇ ಊರೂರಿಗೆ ಕಳಿಸಿತು. ಮೇಕಪ್ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್‌ಗೆ ಅದು ಸಹಿಸಲಿಲ್ಲ. ಆಕೆ ತಿರುಗಿ ಬಂದಾಗ ಅಲ್ಲಿ ಅವರಿಗೆ ಕೆಲಸವಿರಲಿಲ್ಲ. ತೆರೆಯ ಮೇಲೆ ಹೆಸರು ಬಂದದ್ದು ವೆಸ್ಟ್‌ಮೋರ್ ಅವರದು. ದಶಕಗಳ ಕಾಲ ಹಾಗೆಯೇ ನಡೆಯಿತು. 2019ರಲ್ಲಿ ಅವರ ಬದುಕಿನ ಮೇಲೆ ಪುಸ್ತಕ ಬಂದ ಮೇಲೆ ಹೆಚ್ಚು ಜನರಿಗೆ ವಿಷಯ ತಿಳಿಯಿತು. ನೇಪಥ್ಯದಲ್ಲಿ ಬಾಳು ಕಳೆದವನಿಗೆ ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಬೆಂಕಿ ಏಳುತ್ತದೆ. ಇನ್ನು ಮುಂದೆ ಆ ಮುಖ ಕಂಡಾಗಲೆಲ್ಲ ಅವರ ಹೆಸರನ್ನು ಬಾಯಿಬಿಟ್ಟು ಹೇಳಿ.

ವೇಷ ತೊಟ್ಟವರು ಇಬ್ಬರು. ನೆಲದ ಮೇಲೆ ನಡೆದವನು ಬೆನ್ ಚಾಪ್‌ಮನ್, ಎತ್ತರದ ಆಳು. ನೀರಿನಲ್ಲಿ ಈಜಿದವನು ರಿಕೌ ಬ್ರೌನಿಂಗ್. ನೀರಿನ ದೃಶ್ಯಗಳನ್ನು ಫ್ಲಾರಿಡಾದ ವಕುಲ್ಲಾ ಸ್ಪ್ರಿಂಗ್ಸ್‌ನಲ್ಲಿ ತೆಗೆದರು. ಅಲ್ಲಿನ ನೀರು ಅಷ್ಟು ತಿಳಿ. ವೇಷದೊಳಗೆ ಗಾಳಿಯ ಸಿಲಿಂಡರ್ ಇರಲಿಲ್ಲ. ಗುಳ್ಳೆ ಕಂಡರೆ ಮೀನಿನ ಭ್ರಮೆ ಒಡೆಯುತ್ತದಲ್ಲ? ಬ್ರೌನಿಂಗ್ ಉಸಿರು ಕಟ್ಟಿ ಈಜಬೇಕು, ಚಿತ್ರಿಕೆ ಮುಗಿದೊಡನೆ ಪಕ್ಕದಲ್ಲಿ ಹಿಡಿದಿದ್ದ ಗಾಳಿಯ ಕೊಳವೆಯನ್ನು ಬಾಯಿಗೆ ಇಟ್ಟುಕೊಳ್ಳಬೇಕು. ನಾಯಕಿ ನೀರಿನ ಮೇಲೆ ಈಜುತ್ತಿರುವಾಗ ಅವಳಿಗೆ ಗೊತ್ತಾಗದಂತೆ ಕೆಳಗೆ ಅದು ಅಂಗಾತ ಮಲಗಿ ಅವಳ ಜೊತೆಗೇ ಈಜುತ್ತದೆ. ಅವಳು ಕೈ ಬೀಸಿದರೆ ಅದೂ ಬೀಸುತ್ತದೆ. ಮುಟ್ಟಲು ಕೈ ಚಾಚಿ ಹಿಂದಕ್ಕೆಳೆದುಕೊಳ್ಳುತ್ತದೆ. ಅಲ್ಲಿ ವೇಷ ಮರೆತೇ ಹೋಗುತ್ತದೆ. ರಬ್ಬರಿಗೆ ನಾಚಿಕೆ ಎಲ್ಲಿಂದ ಬಂತು? ಬ್ರೌನಿಂಗನ ಮುಂಗೈಯಿಂದ ಬಂತು.

ನರಸಿಂಹನ ಮುಖವಾಡ ಮಾಡುವಾಗ ನಾನು ಮೊದಲು ನೋಡುತ್ತಿದ್ದದ್ದು ಕೇಸರವನ್ನಲ್ಲ, ಕಣ್ಣನ್ನಲ್ಲ. ಮೂಗಿನ ಕೆಳಗಿನ ಗಾಳಿಯ ದಾರಿಯನ್ನು. ನೆನೆಸಿ ಅರೆದ ಕಾಗದ, ಹುಣಸೆ ಬೀಜದ ಅಂಟು, ಮೇಲೆ ಹಳೆಯ ಪಂಚೆಯ ತುಂಡು. ಇಷ್ಟು ಒಣಗಿ ಬಣ್ಣ ಕುಡಿದ ಮೇಲೆ ಒಳಗೆ ಒಲೆಯ ಬಾಯಿ ಇದ್ದಂತೆ. ಉಸಿರು ಸಿಗದ ನಟ ಹೆದರಿಸಲಾರ, ತಾನೇ ಹೆದರಿಕೊಂಡಿರುತ್ತಾನೆ.

ಪ್ರಶ್ನೆ: ಆರೇ ತೋಳಿನ ಅಷ್ಟಪದಿ ಇರುವ ಚಿತ್ರ ಇದೆಯಂತೆ, ನಿಜವೇ?
— ಓದುಗರು, ಶ್ರೀರಂಗಪಟ್ಟಣ

ನಿಜ. 1955ರ ‘ಇಟ್ ಕೇಮ್ ಫ್ರಮ್ ಬಿನೀತ್ ದ ಸೀ’. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯನ್ನು ಹಿಡಿದು ಎಳೆಯುವ ಆ ಜಂತುವಿಗೆ ತೋಳು ಎಂಟಲ್ಲ, ಆರು. ಮಾಡಿದವರು ರೇ ಹ್ಯಾರಿಹೌಸನ್. ಕೀಲು ಕೀಲಾಗಿ ಬಾಗುವ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚೌಕಟ್ಟು ತೆಗೆಯಬೇಕು, ಮತ್ತೆ ಸರಿಸಿ ಇನ್ನೊಂದು. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಚೌಕಟ್ಟು. ಪ್ರತಿ ಚೌಕಟ್ಟಿಗೂ ಪ್ರತಿ ತೋಳನ್ನೂ ಮುಟ್ಟಬೇಕು. ಎರಡು ತೋಳು ಕಡಿಮೆಯಾದರೆ ಗೊಂಬೆಯ ಖರ್ಚೂ ಉಳಿಯಿತು, ದಿನಗಳೂ ಉಳಿದವು. ನೀರಿನ ಮೇಲೆ ಒಂದು ಸಲಕ್ಕೆ ಎಷ್ಟು ತೋಳು ಕಾಣಬೇಕು ಎಂಬುದನ್ನು ಎಷ್ಟು ಜಾಣತನದಿಂದ ಹಂಚಿದ್ದಾರೆಂದರೆ, ಎಣಿಸಲೆಂದೇ ಕುಳಿತವರಿಗೆ ಮಾತ್ರ ಗೊತ್ತಾಗುತ್ತದೆ.

ಪ್ರಶ್ನೆ: ಇರುವೆ ಬಸ್ಸಿನಷ್ಟು ದೊಡ್ಡದಾಗುವುದು, ಜೇಡ ಬೆಟ್ಟ ದಾಟುವುದು, ಇವೆಲ್ಲ ಜೀವಶಾಸ್ತ್ರಕ್ಕೆ ವಿರುದ್ಧ. ಮಕ್ಕಳಿಗೆ ತಪ್ಪು ವಿಜ್ಞಾನ ಕಲಿಸಿದಂತಾಗುವುದಿಲ್ಲವೇ?
— ಜೀವಶಾಸ್ತ್ರ ಉಪನ್ಯಾಸಕಿ, ಕೆ.ಆರ್. ಪೇಟೆ

ನಿಮ್ಮ ಮಾತು ಸರಿ ತಾಯಿ. ಉದ್ದ ಹತ್ತು ಪಟ್ಟಾದರೆ ಕಾಲಿನ ಅಡ್ಡಕೊಯ್ತ ನೂರು ಪಟ್ಟಾಗುತ್ತದೆ, ತೂಕ ಸಾವಿರ ಪಟ್ಟಾಗುತ್ತದೆ. ಆ ಸಪೂರ ಕಾಲುಗಳ ಮೇಲೆ ಅಷ್ಟು ತೂಕ ನಿಲ್ಲಲಾರದು. ಕೀಟಗಳು ಮೈಯ ಸಣ್ಣ ರಂಧ್ರಗಳಿಂದ ಉಸಿರಾಡುವುದರಿಂದ ಅಷ್ಟು ದೊಡ್ಡ ದೇಹಕ್ಕೆ ಗಾಳಿಯೂ ಸಾಲದು. ಇದನ್ನೇ ತರಗತಿಯಲ್ಲಿ ಪಾಠ ಮಾಡಿ. ಚಿತ್ರ ತೋರಿಸಿ ‘ಈ ಇರುವೆ ಏಕೆ ಕುಸಿಯಬೇಕಿತ್ತು?’ ಎಂದು ಕೇಳಿದರೆ ಮಕ್ಕಳು ಆ ಲೆಕ್ಕವನ್ನು ಮರೆಯುವುದಿಲ್ಲ.

ಅದಕ್ಕೆ ತಕ್ಕ ಚಿತ್ರ 1954ರ ‘ದೆಮ್!’. 1945ರಲ್ಲಿ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ನಡೆದ ಮೊದಲ ಅಣುಬಾಂಬ್ ಪರೀಕ್ಷೆಯ ವಿಕಿರಣದಿಂದ ಇರುವೆಗಳು ಬೆಳೆದವು ಎಂಬುದು ಕಥೆ. ಆ ವರ್ಷಗಳ ಜನರ ನಿಜವಾದ ಭಯ ಅದು. ದೊಡ್ಡ ಯಾಂತ್ರಿಕ ಇರುವೆಗಳನ್ನು ಕಟ್ಟಿದ್ದರು. ಆದರೆ ಬಹಳ ಹೊತ್ತು ತೋರಿಸುವುದಿಲ್ಲ. ಮೊದಲು ಮರುಭೂಮಿಯಲ್ಲಿ ಮಾತು ಸತ್ತ ಪುಟ್ಟ ಹುಡುಗಿಯೊಬ್ಬಳು ಗೊಂಬೆ ಹಿಡಿದು ನಡೆದು ಬರುತ್ತಾಳೆ. ಯಾರು ಕೇಳಿದರೂ ಬಾಯಿ ಬಿಡುವುದಿಲ್ಲ. ವಿಜ್ಞಾನಿಯೊಬ್ಬರು ಅವಳ ಮೂಗಿನ ಹತ್ತಿರ ಫಾರ್ಮಿಕ್ ಆಮ್ಲದ ಲೋಟ ಹಿಡಿಯುತ್ತಾರೆ. ಇರುವೆಯ ವಾಸನೆ! ಆಗ ಅವಳು ಕಿರುಚುವ ಒಂದೇ ಮಾತು ಚಿತ್ರದ ಹೆಸರು. ಒಂದು ಲೋಟ, ಒಂದು ಮಗು, ದೊಡ್ಡ ಖರ್ಚಿಲ್ಲ. ಇರುವೆ ತೆರೆಗೆ ಬರುವ ಮೊದಲೇ ನಮ್ಮೊಳಗೆ ಬಂದಿರುತ್ತದೆ.

ಪ್ರಶ್ನೆ: ಪೋಸ್ಟರಿನಲ್ಲಿ ಇದ್ದದ್ದು ಚಿತ್ರದಲ್ಲಿ ಇರುವುದಿಲ್ಲ. ಇದು ಮೋಸವಲ್ಲವೇ?
— ಓದುಗರು, ನಂಜನಗೂಡು

ಮೋಸವೇ. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ಸಂಸ್ಥೆ ಎಷ್ಟೋ ಸಲ ಮೊದಲು ಹೆಸರು, ಪೋಸ್ಟರ್ ಗೊತ್ತುಮಾಡಿ, ಆಮೇಲೆ ಕಥೆ ಬರೆಸುತ್ತಿತ್ತು. ಇದು ನನಗೆ ಹಿಡಿಸದ ಭಾಗ. ಪ್ರೇಕ್ಷಕರಿಗಿಂತ ಹೆಚ್ಚು ಅನ್ಯಾಯ ಕೆಲವೊಮ್ಮೆ ನಟರಿಗೇ ಆಗುತ್ತಿತ್ತು. 1957ರ ‘ದ ಜೈಂಟ್ ಕ್ಲಾ’ದಲ್ಲಿ ನಾಯಕ ಜೆಫ್ ಮಾರೋ ಭಯಂಕರ ಹಕ್ಕಿಯೊಂದನ್ನು ಊಹಿಸಿಕೊಂಡು ಮನಸ್ಸಿಟ್ಟು ಅಭಿನಯಿಸಿದರು. ನಿರ್ಮಾಪಕರು ಮೆಕ್ಸಿಕೋದಲ್ಲಿ ಅಗ್ಗವಾಗಿ ಮಾಡಿಸಿದ ದಾರದ ಗೊಂಬೆ, ಉದ್ದ ಕುತ್ತಿಗೆ, ಉಬ್ಬುಗಣ್ಣು, ಅವರಿಗೆ ಕಂಡದ್ದು ತಮ್ಮ ಊರಿನ ಚಿತ್ರಮಂದಿರದಲ್ಲಿ, ಜನರ ನಗುವಿನ ನಡುವೆ. ಚಿತ್ರ ಮುಗಿಯುವ ಮೊದಲೇ ಅವರು ಎದ್ದು ಹೋದರು.

ಪ್ರಶ್ನೆ: ನನ್ನ ಎಂಟು ವರ್ಷದ ಮಗನಿಗೆ ದೆವ್ವ, ಭೂತವೆಂದರೆ ಭಯ. ಆದರೂ ನೋಡಬೇಕೆಂದು ಹಟ. ಯಾವುದರಿಂದ ಶುರು ಮಾಡಲಿ?
— ಗೃಹಿಣಿ, ಕುವೆಂಪುನಗರ, ಮೈಸೂರು

ಮೊದಲು ಮಾಡಿಸಿ, ಆಮೇಲೆ ತೋರಿಸಿ. 1958ರ ‘ದ ಬ್ಲಾಬ್’ನಲ್ಲಿ ಆಕಾಶದಿಂದ ಬಿದ್ದ ಕೆಂಪು ಲೋಳೆಯೊಂದು ಊರನ್ನೇ ನುಂಗುತ್ತಾ ಬೆಳೆಯುತ್ತದೆ. ಅದು ಬಣ್ಣ ಹಾಕಿದ ಸಿಲಿಕೋನ್. ಪುಟ್ಟ ಮನೆ, ಅಂಗಡಿಗಳ ಮಾದರಿ ಕಟ್ಟಿ, ಅದಕ್ಕೇ ಕ್ಯಾಮೆರಾ ಬಿಗಿದು ಎರಡನ್ನೂ ಒಟ್ಟಿಗೆ ಓರೆ ಮಾಡುತ್ತಿದ್ದರು. ನೋಡುವವರಿಗೆ ಮನೆ ನೆಟ್ಟಗೆ ನಿಂತಿದೆ, ಲೋಳೆ ತಾನಾಗಿ ಹರಿದು ಬರುತ್ತಿದೆ ಎನಿಸುತ್ತದೆ. ನೀವೂ ಮಾಡಬಹುದು. ಮೈದಾಹಿಟ್ಟಿನ ಸರಿ ಕಾಯಿಸಿ, ಆರಿಸಿ, ಕುಂಕುಮದ ಬಣ್ಣ ಬೆರೆಸಿ. ದೊಡ್ಡ ತಟ್ಟೆಯಲ್ಲಿ ರಟ್ಟಿನ ಮನೆಗಳನ್ನು ಅಂಟಿಸಿ, ತಟ್ಟೆಯ ಅಂಚಿಗೆ ಮೊಬೈಲನ್ನು ಟೇಪಿನಿಂದ ಬಿಗಿದು, ನಿಧಾನವಾಗಿ ವಾಲಿಸಿ. ಚಿತ್ರೀಕರಣ ಮಗನೇ ಮಾಡಲಿ. ಆಮೇಲೆ ಚಿತ್ರ ಹಾಕಿ. ಲೋಳೆ ಚಿತ್ರಮಂದಿರಕ್ಕೆ ನುಗ್ಗಿ ಜನ ಬೀದಿಗೆ ಓಡಿಬರುವ ದೃಶ್ಯ ಬಂದಾಗ ‘ಓರೆ ಮಾಡಿದ್ದಾರೆ’ ಎಂದು ಅವನೇ ಕೂಗುತ್ತಾನೆ. ಆ ಚಿತ್ರಮಂದಿರ ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್‌ನ ‘ಕಲೋನಿಯಲ್’. ಅಲ್ಲಿಯ ಜನ ಈಗಲೂ ಹಬ್ಬ ಮಾಡಿ, ಅದೇ ಬಾಗಿಲಿನಿಂದ ಕಿರುಚುತ್ತಾ ಹೊರಗೆ ಓಡುವ ಆಟ ಆಡುತ್ತಾರೆ.

ಪ್ರಶ್ನೆ: ಈ ಚಿತ್ರಗಳಿಗೂ ನಮ್ಮ ಸೀಮೆಗೂ ಏನಾದರೂ ನಂಟಿದೆಯೇ?
— ಕೃಷಿಕರು, ಎಚ್.ಡಿ. ಕೋಟೆ

ನಿಮ್ಮ ತಾಲ್ಲೂಕಿನಿಂದಲೇ ಇದೆ ಸ್ವಾಮಿ. ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ನಿಂದ ಲೋಕಪ್ರಸಿದ್ಧನಾದ. ಆಮೇಲೆ ಅಮೆರಿಕಕ್ಕೆ ಹೋಗಿ ನೆಲೆಸಿ, ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ಯುದ್ಧವಿಮಾನದಲ್ಲಿ ಬಂದೂಕು ಹಿಡಿದ. ಯುದ್ಧದ ನಂತರ ದೊಡ್ಡ ಪಾತ್ರಗಳು ಬತ್ತಿದವು. 1956ರ ‘ಜಂಗಲ್ ಹೆಲ್’ ಎಂಬ ತೀರ ಅಗ್ಗದ ಚಿತ್ರದಲ್ಲಿ ಅವನಿದ್ದಾನೆ. ಕಾಡಿನ ಕಥೆಯ ನಡುವೆ ಹಾರುವ ತಟ್ಟೆಯೊಂದನ್ನು ತಂದು ಸೇರಿಸಿದ್ದಾರೆ. ಚಿತ್ರದಲ್ಲಿ ಹುರುಳಿಲ್ಲ. ಆದರೆ ಆನೆಯ ಪಕ್ಕ ಅವನು ನಿಲ್ಲುವ ರೀತಿ ನೋಡಿ, ಅದು ಯಾವ ನಿರ್ದೇಶಕನೂ ಕಲಿಸಿದ್ದಲ್ಲ, ಕಬಿನಿ ದಡದ ಲಾಯದಲ್ಲಿ ಕಲಿತದ್ದು. 39ನೇ ವಯಸ್ಸಿಗೆ, 1963ರಲ್ಲಿ ತೀರಿಕೊಂಡ.

ಇನ್ನೊಂದು, ನಮ್ಮ ನೆರೆಯ ಸೇಲಂನದು. ಮಾಡರ್ನ್ ಥಿಯೇಟರ್ಸ್‌ನವರು ಅಮೆರಿಕದ ಲಿಪರ್ಟ್ ಸಂಸ್ಥೆಯೊಡನೆ ಸೇರಿ 1952ರಲ್ಲಿ ‘ದ ಜಂಗಲ್’ ಮಾಡಿದರು. ತಮಿಳಿನಲ್ಲಿ ‘ಕಾಡು’. ಅದರಲ್ಲಿ ಹಿಮಯುಗದ ಮ್ಯಾಮತ್‌ಗಳು ಬರುತ್ತವೆ: ನಮ್ಮ ಆನೆಗಳಿಗೇ ಉದ್ದ ಕೂದಲಿನ ಹೊದಿಕೆ ಹೊದಿಸಿದ್ದು! ನನಗೆ ಇದು ಬಲು ಇಷ್ಟ. ರಬ್ಬರ್ ದೈತ್ಯನಿಗೆ ಎಷ್ಟು ಹೆಣಗಿದರೂ ಬಾರದ ತೂಕ ಇಲ್ಲಿ ತಾನಾಗಿ ಇದೆ. ಪಾದ ಊರಿದಾಗ ನೆಲ ಒಪ್ಪಿಕೊಳ್ಳುತ್ತದೆ.

ಪ್ರಶ್ನೆ: ನಾವು ಗೆಳೆಯರು ಎಂಟು ಸಾವಿರ ರೂಪಾಯಿ ಕೂಡಿಸಿದ್ದೇವೆ. ಕಬ್ಬಿನ ಗದ್ದೆಯಲ್ಲಿ ಅಡಗಿರುವ ಒಂದು ದೈತ್ಯನ ಕಿರುಚಿತ್ರವನ್ನು ಮೊಬೈಲಿನಲ್ಲೇ ತೆಗೆಯಬೇಕು. ವೇಷ ಹೇಗೆ ಮಾಡುವುದು?
— ಯುವಕರ ಬಳಗ, ಮದ್ದೂರು

ಈ ಪತ್ರ ಓದಿ ನನಗೆ ಆದ ಸಂತೋಷ ಹೇಳತೀರದು. ಎಂಟು ಸಾವಿರ ಧಾರಾಳವಾಯಿತು.

ಎತ್ತರ ಮೊದಲು ಗೊತ್ತುಮಾಡಿಕೊಳ್ಳಿ. 1956ರ ‘ಇಟ್ ಕಾಂಕರ್ಡ್ ದ ವರ್ಲ್ಡ್’ ಚಿತ್ರಕ್ಕೆ ಪಾಲ್ ಬ್ಲೇಸ್‌ಡೆಲ್ ಎಂಬ ಕುಶಲಿ ಶುಕ್ರಗ್ರಹದ ಜೀವಿಯನ್ನು ಮಾಡಿದರು. ಅಲ್ಲಿ ಗುರುತ್ವ ಹೆಚ್ಚು ಎಂಬ ಲೆಕ್ಕದಲ್ಲಿ ನೆಲಕ್ಕೆ ಅಂಟಿದ ಕುಳ್ಳ ಆಕಾರ. ನಾಯಕಿ ಬೆವರ್ಲಿ ಗಾರ್ಲೆಂಡ್ ಅದರ ಪಕ್ಕ ನಿಂತು, ಕೆಳಗೆ ನೋಡಿ, ಒಂದು ಒದೆ ಕೊಟ್ಟರು. ನಿರ್ದೇಶಕ ರೋಜರ್ ಕಾರ್ಮನ್ ಕೂಡಲೇ ಅದರ ಎತ್ತರ ಹೆಚ್ಚಿಸಲು ಹೇಳಿದರು. ಕತ್ತಲ ಗುಹೆಗೆಂದು ಮಾಡಿದ್ದ ಆ ಜೀವಿಯನ್ನು ಕೊನೆಗೆ ಬೆಳಕಿಗೂ ತಂದರು, ಬ್ಲೇಸ್‌ಡೆಲ್ ಶ್ರಮವೆಲ್ಲ ಅಲ್ಲಿ ಬಯಲಾಯಿತು. ನಿಮ್ಮ ಅದೃಷ್ಟ, ನಿಮ್ಮಲ್ಲಿ ಗುಹೆಗಿಂತ ಒಳ್ಳೆಯ ಜಾಗವಿದೆ. ಆಳೆತ್ತರ ದಾಟಿದ ಕಬ್ಬಿನ ಒಳಗೆ ಸಂಜೆ ಸೂರ್ಯ ಇಳಿದ ಮೇಲೆ ಸ್ವಲ್ಪ ಹೊತ್ತು ಒಂದು ಬೂದು ಬೆಳಕು ಇರುತ್ತದೆ, ಅದರಲ್ಲೇ ತೆಗೆಯಿರಿ. ಚಿತ್ರದ ಮುಕ್ಕಾಲು ಭಾಗ ಗರಿಗಳು ಅಲುಗಿದರೆ ಸಾಕು. ಗಾಳಿಯಿಲ್ಲದ ಹೊತ್ತಿನಲ್ಲಿ ಒಂದೇ ಸಾಲು ಅಲುಗಬೇಕು, ಅದೂ ನೋಡುವವನ ಕಡೆಗೆ ಬರುತ್ತಾ. ಅದಕ್ಕೆ ಇಬ್ಬರು ಗೆಳೆಯರು, ಒಂದು ಉದ್ದ ಹಗ್ಗ ಬೇಕು, ಅಷ್ಟೆ.

ತೂಕ ಕೊಡುವುದನ್ನು ಜಪಾನಿನವರಿಂದ ಕಲಿಯಿರಿ. 1954ರ ‘ಗೋಡ್ಜಿಲ್ಲಾ’ ಅಗ್ಗದ ಚಿತ್ರವಲ್ಲ, ಆದರೆ ಅದರ ಉಪಾಯ ಅಗ್ಗದ್ದು. ಹರೂವೊ ನಕಾಜಿಮಾ ತೊಟ್ಟ ಮೊದಲ ವೇಷ ಸುಮಾರು 100 ಕಿಲೋ ಇತ್ತು. ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿ ತೆಗೆದು ಮಾಮೂಲಿ ವೇಗದಲ್ಲಿ ತೋರಿಸಿದಾಗ ನಡಿಗೆ ನಿಧಾನವಾಗಿ, ಮೈ ಬೆಟ್ಟದಷ್ಟು ಭಾರವಾಗಿ ಕಂಡಿತು. ನಿಮ್ಮ ಮೊಬೈಲಿನಲ್ಲಿ ‘ಸ್ಲೋ ಮೋಷನ್’ ಇದೆಯಲ್ಲ, ಅದೇ ಇದು. ಸದ್ದಿಗೂ ಅವರದೇ ದಾರಿ: ಸಂಗೀತಗಾರ ಅಕಿರಾ ಇಫುಕುಬೆ ರಾಳ ಸವರಿದ ಚರ್ಮದ ಕೈಗವಸಿನಿಂದ ಡಬಲ್ ಬಾಸ್ ವಾದ್ಯದ ಸಡಿಲ ತಂತಿಯನ್ನು ಉಜ್ಜಿ, ಮುದ್ರಿಸಿದ್ದನ್ನು ನಿಧಾನ ಮಾಡಿ ಆ ಗರ್ಜನೆ ತಂದರು. ನೀವು ಹಳೆಯ ಗಾಣದ ಕಿರುಗುಟ್ಟುವಿಕೆಯನ್ನೋ ಎತ್ತಿನ ಗಾಡಿಯ ಅಚ್ಚಿನ ಸದ್ದನ್ನೋ ಮುದ್ರಿಸಿ ನಿಧಾನ ಮಾಡಿ ನೋಡಿ.

ವೇಷಕ್ಕೆ ಕುರ್ಚಿಗೆ ಹಾಕುವ ಹಳೆಯ ಸ್ಪಂಜು, ಗೋಣಿ, ಒಣಗಿದ ಕಬ್ಬಿನ ಗರಿ. ಗರಿಯ ಅಂಚು ಕೊಯ್ಯುತ್ತದೆ, ಒಳಗೆ ತುಂಬುತೋಳಿನ ಅಂಗಿ ಇರಲಿ. ಬೆಂಕಿ, ಬೀಡಿ, ಪಂಜು ಹತ್ತಿರ ಸುಳಿಯಬಾರದು, ಗರಿ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಪಾದಕ್ಕೆ ಮರಳಿನ ಚೀಲ ಕಟ್ಟಿ, ನಡಿಗೆ ತಾನಾಗಿ ಬದಲಾಗುತ್ತದೆ. ಕುತ್ತಿಗೆಗೆ ಮುಖಕ್ಕಿಂತ ಹೆಚ್ಚು ಹೊತ್ತು ಕೊಡಿ. ಮುಖವಾಡವನ್ನು ಹಿಂದಿನಿಂದ ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು, ಗಂಟು ಹಾಕಬೇಡಿ. ಒಳಗಿನವನು ಕೈ ಎತ್ತಿದರೆ ಚಿತ್ರೀಕರಣ ನಿಲ್ಲಬೇಕು, ಅದು ಎಷ್ಟೇ ಒಳ್ಳೆಯ ದೃಶ್ಯವಾಗಿದ್ದರೂ ಸರಿ. ಪ್ರತಿ ಸಲ ಬಿಚ್ಚಿದಾಗ ನೀರು ಕೊಡಿ. ಶೀರ್ಷಿಕೆಯಲ್ಲಿ ಅವನ ಹೆಸರನ್ನು ಎಲ್ಲರಿಗಿಂತ ಮೊದಲು ಹಾಕಿ, ವೇಷ ಹೊಲಿದವರ ಹೆಸರನ್ನು ಅದರ ಕೆಳಗೇ ಹಾಕಿ.

ಅಳತೆಗಳನ್ನು ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ಮುಖವಾಡದ ನಕಾಶೆ ನಾನು ಹಾಕಿಕೊಡುತ್ತೇನೆ. ತಲೆಯ ಸುತ್ತಳತೆ, ಗಲ್ಲದಿಂದ ನೆತ್ತಿಯವರೆಗಿನ ಉದ್ದ, ಎರಡು ಕಣ್ಣಿನ ನಡುವಿನ ಅಂತರ ಇಷ್ಟು ಬೇಕು. ಅವನು ಕನ್ನಡಕ ಹಾಕುತ್ತಾನೆಯೇ ಎಂಬುದನ್ನೂ ಬರೆಯಿರಿ.